ಒಕಾಜಾಕಿ ಆಟವನ್ನು ಗೋಲಿನಿಂದಷ್ಟೇ ಅಳೆಯಬೇಡಿ

ಮಾನ್ಯ ಸಂಪಾದಕರೇ,

ತಮ್ಮ ಕ್ರೀಡಾ ಪುಟದಲ್ಲಿ ಏಷ್ಯಾದ ಫುಟ್‌ಬಾಲ್ ಆಟಗಾರರ ಬಗ್ಗೆ ಬಂದ ಬರಹದಲ್ಲಿ ಜಪಾನಿನ ಫಾರ್ವರ್ಡ್ (ಮುಂದಿನ ಸಾಲಿನ ಆಟಗಾರ) ಶಿಂಜಿ ಒಕಾಜಾಕಿ ಅವರಿಗೆ ಸಿಕ್ಕಿದ್ದು ಒಂದೆರಡೇ ಸಾಲು. 2015–16ರಲ್ಲಿ ಲೆಸ್ಟರ್ ಸಿಟಿ ತಂಡ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದಾಗ ಅವರು 36 ಪಂದ್ಯ ಆಡಿ 5 ಗೋಲು ಹೊಡೆದರು, ಹಾಗಾಗಿ ಅದೃಷ್ಟದಿಂದ ಪದಕ ಪಡೆದವರು ಎಂಬ ಧಾಟಿ ಅದರಲ್ಲಿತ್ತು. ಅಂಕಿಯಲ್ಲಿ ತಪ್ಪಿಲ್ಲ, ಅದರಿಂದ ತೆಗೆದ ತೀರ್ಮಾನ ಒಪ್ಪುವಂಥದ್ದಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆ ಶಾಲಾ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ಗೋಲಿನ ಲೆಕ್ಕ ಒಂದನ್ನೇ ನೋಡುವ ಚಾಳಿ ನಮ್ಮ ಮೈದಾನಗಳಲ್ಲೂ ಇದ್ದು, ಅದರ ಪೆಟ್ಟು ನೇರವಾಗಿ ಮಕ್ಕಳ ಆಟದ ಮೇಲೆ ಬೀಳುತ್ತಿದೆ.

ಗೋಲಿನ ಲೆಕ್ಕವೇ ಬೇಕೆಂದರೆ ಅದೂ ಕಡಿಮೆಯೇನಿಲ್ಲ. ಜಪಾನ್ ಪರ 119 ಪಂದ್ಯ, 50 ಗೋಲು. ಅವರಿಗಿಂತ ಮುಂದಿರುವವರು ಕುನಿಶಿಗೆ ಕಮಾಮೊಟೊ (75) ಮತ್ತು ಕಜುಯೋಶಿ ಮಿಯುರಾ (55) ಇಬ್ಬರೇ. 2009ರ ಅಕ್ಟೋಬರ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಟೋಗೊ ವಿರುದ್ಧ ಒಂದೇ ವಾರದೊಳಗೆ ಎರಡು ಹ್ಯಾಟ್ರಿಕ್ (ಒಂದೇ ಪಂದ್ಯದಲ್ಲಿ ಮೂರು ಗೋಲು). ಜಪಾನ್ ಗೆದ್ದ 2011ರ ಏಷ್ಯಾ ಕಪ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ಇನ್ನೊಂದು. ಜರ್ಮನಿಯಲ್ಲಿ ಸ್ಟುಟ್‌ಗಾರ್ಟ್ ತಂಡ ಅವರನ್ನು ಹೆಚ್ಚಾಗಿ ವಿಂಗ್‌ನಲ್ಲಿ, ಅಂದರೆ ಮೈದಾನದ ಬದಿಯಲ್ಲಿ, ಆಡಿಸಿತು, ಗೋಲು ಹೆಚ್ಚು ಬರಲಿಲ್ಲ. 2013ರಲ್ಲಿ ಅಲ್ಲಿನದೇ ಮೈಂಜ್ ತಂಡಕ್ಕೆ ಹೋದರು. ಅಲ್ಲಿ ಕೋಚ್ ಥಾಮಸ್ ಟುಕೆಲ್ ಅವರನ್ನು ನಡುವೆ ನಿಲ್ಲಿಸಿದ ಮೇಲೆ ಮೊದಲ ಋತುವಿನಲ್ಲೇ 15 ಲೀಗ್ ಗೋಲು, ಮರುವರ್ಷ 12. ಆಟಗಾರ ಅದೇ, ನಿಂತ ಜಾಗ ಮಾತ್ರ ಬೇರೆ.

ಹಾಗಾದರೆ ಲೆಸ್ಟರ್‌ನಲ್ಲಿ 5 ಏಕೆ? ಕೆಲಸವೇ ಬೇರೆಯಿತ್ತು. ಕೋಚ್ ಕ್ಲಾಡಿಯೊ ರನಿಯೇರಿ ಆಡಿಸಿದ್ದು 4–4–2, ಅಂದರೆ ನಾಲ್ವರು ಡಿಫೆಂಡರ್, ನಾಲ್ವರು ಮಿಡ್‌ಫೀಲ್ಡರ್ (ಇಬ್ಬರು ನಡುವೆ, ಇಬ್ಬರು ಬದಿಗಳಲ್ಲಿ), ಇಬ್ಬರು ಫಾರ್ವರ್ಡ್. ಈ ಜೋಡಣೆಯ ದೊಡ್ಡ ತೊಂದರೆ ನಡುಗಣದಲ್ಲಿದೆ. ಎದುರಾಳಿ ನಡುವೆ ಮೂವರು ಮಿಡ್‌ಫೀಲ್ಡರ್‌ಗಳನ್ನು ನಿಲ್ಲಿಸಿದರೆ ಅಲ್ಲಿ ನಮ್ಮವರು ಇಬ್ಬರೇ. ಲೆಸ್ಟರ್‌ನಲ್ಲಿ ಆ ಇಬ್ಬರು ಕಾಂಟೆ ಮತ್ತು ಡ್ರಿಂಕ್‌ವಾಟರ್. ಚೆಂಡು ಕೈತಪ್ಪಿದ ಕೂಡಲೇ ಒಕಾಜಾಕಿ ಹಿಂದೆ ಸರಿದು ಎದುರಾಳಿಯ ತೀರಾ ಹಿಂದಿನ ಮಿಡ್‌ಫೀಲ್ಡರ್‌ಗೆ ಅಂಟಿಕೊಳ್ಳುತ್ತಿದ್ದರು. ಎರಡಕ್ಕೆ ಮೂರು ಇದ್ದದ್ದು ಮೂರಕ್ಕೆ ಮೂರಾಗುತ್ತಿತ್ತು. ಚೆಂಡು ಸಿಕ್ಕಾಗ ಮತ್ತೆ ಮುಂದೆ ಓಡಿ ಡಿಫೆಂಡರ್ ಒಬ್ಬನನ್ನು ತನ್ನತ್ತ ಸೆಳೆಯಬೇಕು, ಆಗ ಜೊತೆಯ ಫಾರ್ವರ್ಡ್ ವಾರ್ಡಿಗೆ ಓಡಲು ದಾರಿ. ಆ ಋತುವಿನಲ್ಲಿ ವಾರ್ಡಿ 24, ಬದಿಯಲ್ಲಿ ಆಡುತ್ತಿದ್ದ ಮಹ್ರೆಜ್ 17 ಗೋಲು ಹೊಡೆದರು. ಲೀಗಿನಲ್ಲೇ ಅತಿ ಕಡಿಮೆ ಹೊತ್ತು ಚೆಂಡು ಇಟ್ಟುಕೊಂಡ ತಂಡಗಳಲ್ಲಿ ಒಂದಾಗಿದ್ದ ಲೆಸ್ಟರ್ 81 ಅಂಕದೊಂದಿಗೆ, ಎರಡನೇ ಸ್ಥಾನದ ಆರ್ಸೆನಲ್‌ಗಿಂತ 10 ಅಂಕ ಮುಂದೆ ಮುಗಿಸಿತು. ಒಕಾಜಾಕಿ ಪೂರ್ತಿ 90 ನಿಮಿಷ ಆಡಿದ್ದು ಅಪರೂಪ. ಚೆನ್ನಾಗಿ ಆಡಲಿಲ್ಲವೆಂದಲ್ಲ, ಈ ತರದ ಓಟ ಅಷ್ಟು ಹೊತ್ತು ಬಾಳುವುದಿಲ್ಲವೆಂದು ಹೊರಗೆ ಕರೆಸಿಕೊಳ್ಳುತ್ತಿದ್ದರು. ಅವರ ಆ ಐದು ಗೋಲುಗಳಲ್ಲೊಂದು 2016ರ ಮಾರ್ಚ್ 14ರಂದು ನ್ಯೂಕ್ಯಾಸಲ್ ವಿರುದ್ಧ ಗೋಲಿಗೆ ಬೆನ್ನು ಹಾಕಿ, ತಲೆಯ ಮೇಲಿಂದ ಒದ್ದದ್ದು. ಪಂದ್ಯ ಮುಗಿದದ್ದೂ 1–0ಕ್ಕೆ.

ನಮ್ಮ ತಾಲ್ಲೂಕು, ಜಿಲ್ಲಾ ಕೂಟಗಳಲ್ಲಿ ಎದುರಾಳಿಯ ಬಳಿ ಚೆಂಡಿದ್ದಾಗ ಒಂಬತ್ತನೇ ನಂಬರಿನ ಹುಡುಗ, ಅಂದರೆ ಫಾರ್ವರ್ಡ್, ಪೆನಾಲ್ಟಿ ಬಾಕ್ಸಿನ ಅಂಚಿನಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿರುತ್ತಾನೆ. ಓಡು ಎಂದರೆ ಓಡುತ್ತಾನೆ, ಆದರೆ ಚೆಂಡಿದ್ದ ಕಡೆಗೆ ನೆಟ್ಟಗೆ. ಒಂದು ಪಾಸ್‌ಗೆ ಅವನ ಕಥೆ ಮುಗಿಯಿತು. ಚೆಂಡು ಎದುರಾಳಿಯ ಬಲಬದಿಯ ಸೆಂಟರ್ ಬ್ಯಾಕ್ (ನಡುವಿನ ಡಿಫೆಂಡರ್) ಬಳಿ ಇದ್ದರೆ ಫಾರ್ವರ್ಡ್ ಇನ್ನೊಬ್ಬ ಸೆಂಟರ್ ಬ್ಯಾಕ್‌ನ ಕಡೆಯಿಂದ ಕುಡುಗೋಲಿನ ಬಾಗಿನಲ್ಲಿ ಬರಬೇಕು. ಆಗ ಆ ಕಡೆಯ ಪಾಸ್ ಮುಚ್ಚುತ್ತದೆ. ಬೆನ್ನ ಹಿಂದಿರುವ ಮಿಡ್‌ಫೀಲ್ಡರ್‌ಗೂ ನೇರ ದಾರಿ ಇರುವುದಿಲ್ಲ. ಉಳಿಯುವುದು ಗೆರೆಯಂಚಿನ ಫುಲ್‌ಬ್ಯಾಕ್ (ಬದಿಯ ಡಿಫೆಂಡರ್) ಒಬ್ಬನೇ, ಅಲ್ಲಿ ನಮ್ಮ ವಿಂಗರ್ ಕಾದಿರುತ್ತಾನೆ.

ಯಾವಾಗ ಹೊರಡಬೇಕು ಎಂಬುದೇ ಅರ್ಧ ವಿದ್ಯೆ. ಪಾಸ್ ಇನ್ನೂ ದಾರಿಯಲ್ಲಿರುವಾಗ ಹೊರಡಬೇಕು, ಎದುರಾಳಿ ಚೆಂಡನ್ನು ತಡೆದು ತಲೆಯೆತ್ತಿದ ಮೇಲೆ ಹೋಗಿ ಪ್ರಯೋಜನವಿಲ್ಲ. ಮೊದಲ ಸ್ಪರ್ಶಕ್ಕೆ ಚೆಂಡು ಕಾಲಿಂದ ಒಂದು ಮೀಟರ್ ದೂರ ಸಿಡಿದರೆ, ಚೆಂಡು ಪುಟಿಯುತ್ತಾ ಬಂದರೆ, ಪಡೆಯುವವನು ತನ್ನದೇ ಗೋಲಿನ ಕಡೆ ಮುಖ ಮಾಡಿದ್ದರೆ, ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟರೆ ಹೊರಡಬಹುದು. ಇವ್ಯಾವುವೂ ಇಲ್ಲದಿದ್ದರೆ ಸುಮ್ಮನೆ ನಡುದಾರಿ ಮುಚ್ಚಿ ನಿಲ್ಲುವುದು ಲೇಸು. ಕೊನೆಯ ಎರಡು ಮೂರು ಮೀಟರ್‌ನಲ್ಲಿ ಹೆಜ್ಜೆ ಗಿಡ್ಡ ಮಾಡಿ, ಮೈ ಓರೆ ಮಾಡಿಕೊಳ್ಳಬೇಕು. ಅದೇ ಬಿರುಸಿನಲ್ಲಿ ನುಗ್ಗಿದರೆ ಎದುರಾಳಿಯ ಒಂದು ತಿರುವಿಗೆ ನಮ್ಮ ಹುಡುಗ ಆಚೆ ಹೋಗಿರುತ್ತಾನೆ. ಮಲೆನಾಡಿನ ಒದ್ದೆ ನೆಲದಲ್ಲಿ ಐದು ಮೀಟರ್ ಇರುವಾಗಲೇ ನಿಧಾನಿಸಿದರೆ ಒಳ್ಳೆಯದು, ಸ್ಟಡ್ (ಅಡಿಯ ಮುಳ್ಳು) ಸವೆದ ಬೂಟಾದರಂತೂ ಇನ್ನೂ ಮೊದಲೇ. ಮಳೆಯಲ್ಲಿ ಒಂದು ಲಾಭವೂ ಉಂಟು: ನೀರು ನಿಂತ ಕಡೆ ಎದುರಾಳಿ ಹಿಂದಕ್ಕೆ ಕೊಟ್ಟ ಪಾಸ್ ಅರ್ಧದಲ್ಲೇ ನಿಲ್ಲುತ್ತದೆ, ಅದಕ್ಕೆ ಕಣ್ಣಿಟ್ಟಿರಬೇಕು.

ಒಬ್ಬನೇ ಓಡಿದರೆ ಮಾತ್ರ ಎಲ್ಲವೂ ವ್ಯರ್ಥ. ಫಾರ್ವರ್ಡ್‌ಗೂ ಅವನ ಹಿಂದಿನ ಸಾಲಿಗೂ ನಡುವೆ 10–12 ಮೀಟರ್‌ಗಿಂತ ಹೆಚ್ಚು ಇರಬಾರದು. ಇಡೀ ತಂಡ ಮುಂದಿನಿಂದ ಹಿಂದಿನವರೆಗೆ 30–35 ಮೀಟರ್‌ನೊಳಗೆ ಇದ್ದರೆ ಸಾಕು. ನಮ್ಮ ಶಾಲಾ ತಂಡಗಳಲ್ಲಿ ಡಿಫೆಂಡರ್‌ಗಳು ಹೆದರಿ ತಮ್ಮ ಬಾಕ್ಸಿನಲ್ಲೇ ಉಳಿಯುತ್ತಾರೆ, ನಡುವೆ ಅರ್ಧ ಮೈದಾನ ಖಾಲಿ. ಬೈಗುಳ ಮಾತ್ರ ಫಾರ್ವರ್ಡ್‌ಗೆ.

ಅಭ್ಯಾಸಕ್ಕೆ 20 ಮೀಟರ್ ಉದ್ದ, 15 ಮೀಟರ್ ಅಗಲದ ಆಯತ, ಎಂಟು ಕೋನ್ ಸಾಕು. ಒಂದು ಕಡೆ ಮೂವರು ಡಿಫೆಂಡರ್, ಎದುರು ಇಬ್ಬರು ಫಾರ್ವರ್ಡ್. ಡಿಫೆಂಡರ್‌ಗಳು ಆಚೆ ತುದಿಯಲ್ಲಿ ಎರಡು ಮೀಟರ್ ಅಗಲದ ಎರಡು ಚಿಕ್ಕ ಬಾಗಿಲುಗಳಲ್ಲಿ ಒಂದರಿಂದ ಚೆಂಡು ದಾಟಿಸಬೇಕು. 30 ಸೆಕೆಂಡ್ ಆಟ, 90 ಸೆಕೆಂಡ್ ವಿಶ್ರಾಂತಿ, ಆರು ಸುತ್ತು. ನಾಲ್ಕು ನಿಮಿಷ ಬಿಟ್ಟು ಇನ್ನೊಮ್ಮೆ. 14 ವರ್ಷದೊಳಗಿನವರಿಗೆ 20 ಸೆಕೆಂಡ್, ನಾಲ್ಕೇ ಸುತ್ತು. ದಣಿದ ಹುಡುಗ ಬಾಗಿ ಓಡುವುದನ್ನು ಬಿಟ್ಟು ನೆಟ್ಟಗೆ ಓಡತೊಡಗುತ್ತಾನೆ. ಅದು ಕಂಡ ಕೂಡಲೇ ನಿಲ್ಲಿಸಬೇಕು, ಮುಂದುವರಿಸಿದರೆ ತಪ್ಪನ್ನೇ ರೂಢಿ ಮಾಡಿಸಿದಂತೆ. ಚೆಂಡಿನ ಗಾಳಿಯನ್ನೂ ನೋಡಿಕೊಳ್ಳಬೇಕು. ನಿಯಮ 0.6ರಿಂದ 1.1 ಬಾರ್‌ವರೆಗೆ ಒಪ್ಪುತ್ತದೆ. ಫೆಬ್ರುವರಿ–ಮಾರ್ಚ್‌ನ ಗಟ್ಟಿ ನೆಲದಲ್ಲಿ ಕೆಳಗಿನ ಅಂಕಿಯ ಹತ್ತಿರ ಇಟ್ಟರೆ ಚೆಂಡು ಮೊಣಕಾಲೆತ್ತರ ಪುಟಿಯುವ ಕಾಟ ತಪ್ಪುತ್ತದೆ.

ಗೋಲು ಹೊಡೆಯುವುದರಲ್ಲೂ ಒಕಾಜಾಕಿ ಅವರಿಂದ ಕಲಿಯುವುದು ಬೇಕಾದಷ್ಟಿದೆ. 2009ರ ಜೂನ್ 6ರಂದು ತಾಷ್ಕೆಂಟ್‌ನಲ್ಲಿ ಉಜ್ಬೇಕಿಸ್ತಾನದ ವಿರುದ್ಧ ಅವರು ಹೊಡೆದ ಗೋಲಿನಿಂದ ಜಪಾನ್ 2010ರ ವಿಶ್ವಕಪ್‌ಗೆ ಹೋಯಿತು. ಮೊದಲ ಹೊಡೆತವನ್ನು ಕೀಪರ್ ತಡೆದಿದ್ದ, ಮರಳಿ ಬಂದ ಚೆಂಡನ್ನು ತಲೆಯಿಂದ ಒಳಗೆ ಹಾಕಿದರು. ಇಂಥ ಮರುಚೆಂಡಿಗೆ ಓಡಲು ಹೇಳಿಕೊಡುವಾಗ ಒಂದು ಮಾತು ಬಿಟ್ಟುಹೋಗುತ್ತದೆ. ಜೊತೆಗಾರ ಹೊಡೆಯುವ ಕ್ಷಣದಲ್ಲಿ ನೀವು ಆಫ್‌ಸೈಡ್ ಜಾಗದಲ್ಲಿದ್ದರೆ (ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಕೊನೆಯಿಂದ ಎರಡನೇ ಎದುರಾಳಿಗಿಂತಲೂ ಅವರ ಗೋಲು ಗೆರೆಗೆ ಹತ್ತಿರ), ಕೀಪರ್ ತಡೆದ ಮೇಲೆ ಬಂದ ಚೆಂಡನ್ನು ಮುಟ್ಟಿದರೂ ಆಫ್‌ಸೈಡೇ. ಕೀಪರ್ ಮುಟ್ಟಿದ ಎಂಬುದಕ್ಕೆ ರಿಯಾಯಿತಿ ಇಲ್ಲ. ನಮ್ಮ ಕೂಟಗಳಲ್ಲಿ ರೆಫರಿ ಮೇಲೆ ಏರಿಹೋಗುವ ಜಗಳಗಳಲ್ಲಿ ಇದಕ್ಕೂ ಒಂದು ಪಾಲಿದೆ. ಹೊಡೆಯುವವನ ಕಾಲು ಹಿಂದಕ್ಕೆ ಹೋದಾಗಲೇ, ಆದರೆ ಚೆಂಡಿಗಿಂತ ಹಿಂದಿನಿಂದ, ಓಟ ಶುರುವಾಗಬೇಕು. ಒಕಾಜಾಕಿ ಅವರ ಹೆಸರಾದ ಡೈವಿಂಗ್ ಹೆಡರನ್ನು (ಮುಂದಕ್ಕೆ ಹಾರಿ ತಲೆಯಿಂದ ಹೊಡೆಯುವುದು) ಮಾತ್ರ ಕೆಂಪು ಮಣ್ಣಿನ ಮೈದಾನದಲ್ಲಿ ಯಾರೂ ಮಾಡಿಸಬೇಡಿ. ಹುಲ್ಲು ಅಥವಾ ಮರಳಿದ್ದರೆ ಸರಿ, ಮೊದಲು ಅಂಗೈ ಊರಬೇಕು, ಆಮೇಲೆ ಎದೆ.

ಕೂಟ ನಡೆಸುವವರಿಗೆ ಒಂದು ಮನವಿ. ‘ಅತಿ ಹೆಚ್ಚು ಗೋಲು’ ಟ್ರೋಫಿ ಇರಲಿ, ಜೊತೆಗೆ ಎದುರಾಳಿಯ ಅರ್ಧದಲ್ಲಿ ಚೆಂಡು ಕಿತ್ತುಕೊಂಡದ್ದಕ್ಕೂ ಒಂದು ಬಹುಮಾನ ಇಡಿ. ಲೆಕ್ಕ ಕಷ್ಟವಲ್ಲ. ಒಬ್ಬರು ನೋಟ್‌ಬುಕ್ ಹಿಡಿದು, ಚೆಂಡು ಕಳೆದುಕೊಂಡ ಐದು ಸೆಕೆಂಡಿನೊಳಗೆ ಯಾರ ಓಟದಿಂದ ಅದು ಮರಳಿ ಸಿಕ್ಕಿತೆಂದು ಜರ್ಸಿ ನಂಬರಿನ ಮುಂದೆ ಗೀಟು ಹಾಕಿದರಾಯಿತು. ಚೆಂಡು ಕಿತ್ತವನಿಗಿಂತ, ಎದುರಾಳಿಯನ್ನು ಅವನ ಕಡೆ ತಳ್ಳಿಕೊಟ್ಟವನಿಗೆ ಗೀಟು ಸಲ್ಲಬೇಕೇ ಎಂಬ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ.

ತಮ್ಮ ಅದೇ ಬರಹದಲ್ಲಿ ಒಕಾಜಾಕಿ ಸ್ಪೇನ್‌ನಲ್ಲಿ ನಿವೃತ್ತರಾದರೆಂದು ಅಚ್ಚಾಗಿದೆ, ಅದು ತಪ್ಪು. 2019ರಲ್ಲಿ ಸ್ಪೇನ್‌ನ ಮಲಾಗ ಕ್ಲಬ್ ಸಂಬಳದ ಮಿತಿಯಿಂದಾಗಿ ಅವರನ್ನು ನೋಂದಾಯಿಸಲಾಗದೆ ಬಿಟ್ಟುಕೊಟ್ಟಿತು. ಅಲ್ಲಿನದೇ ಉಯೆಸ್ಕಾ ತಂಡ ಸೇರಿ 12 ಗೋಲು ಹೊಡೆದು ಆ ತಂಡ ಎರಡನೇ ದರ್ಜೆಯ ಲೀಗ್ ಗೆಲ್ಲಲು ನೆರವಾದರು. ಬಳಿಕ ಕಾರ್ತಹೆನಾದಲ್ಲಿ ಆಡಿ, 2022ರಲ್ಲಿ ಬೆಲ್ಜಿಯಂನ ಸಿಂಟ್ ಟ್ರುಯ್ಡನ್ ಸೇರಿದರು. ನಿವೃತ್ತರಾದದ್ದು ಅಲ್ಲಿಂದ, 2024ರಲ್ಲಿ. ಆಮೇಲೆ ಜರ್ಮನಿಯ ಕೆಳ ದರ್ಜೆಯ ಬಸಾರ ಮೈಂಜ್ ತಂಡಕ್ಕೆ ಕೋಚ್ ಆದರು. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

ಇತಿ,
ಶಾಲಾ ಫುಟ್‌ಬಾಲ್ ತರಬೇತುದಾರರು,
ಚಿಕ್ಕಮಗಳೂರು