ಫೋಟೋದಲ್ಲಿದ್ದದ್ದು ಮತ್ತಿ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ‘ಗೋವಾದ ರಾಜ್ಯವೃಕ್ಷ ಮತ್ತಿ’ ಅಂತ ಬರಹ ಬಂದಿತ್ತು. ಬರಹ ಚೆನ್ನಾಗಿದೆ. ಆದರೆ ಜೊತೆಗೆ ಹಾಕಿದ ಫೋಟೋ ಮತ್ತಿಯದಲ್ಲ, ಅದರ ದಾಯಾದಿ ಹೊಳೆಮತ್ತಿಯದು, ಅಂದರೆ ಎಲ್ಲರೂ ಅರ್ಜುನ ಅನ್ನುವ ಮರ. ನಾವು ಪೊಂಡಾಕ್ಕೆ ಬಂದು ಎಷ್ಟೋ ವರ್ಷ ಆಯಿತು, ಆದರೆ ಮೂಲ ಜೋಯಿಡಾ ಕಡೆಯವರು, ಬೆಟ್ಟದಿಂದ ಮತ್ತಿ ಸೊಪ್ಪು ಹೊತ್ತು ತಂದು ಅಡಿಕೆ ತೋಟಕ್ಕೆ ಹಾಕಿದವರು, ಹಾಗಾಗಿ ನೋಡಿದ ಕೂಡಲೇ ಗೊತ್ತಾಯಿತು.

ಕಾಂಡ ನೋಡಿದರೇ ಸಾಕು. ಹೊಳೆಮತ್ತಿಯ ತೊಗಟೆ ಬಿಳಿಬೂದು, ನುಣುಪು, ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಮತ್ತಿಯದು ಕಪ್ಪು, ಮೊಸಳೆ ಬೆನ್ನಿನ ಹಾಗೆ ಚೌಕ ಚೌಕವಾಗಿ ಒಡೆದಿರುತ್ತದೆ. ನಿಮ್ಮ ಫೋಟೋದ ಕಾಂಡ ಸುಣ್ಣ ಬಳಿದ ಹಾಗಿದೆ, ಅಲ್ವಾ?

ಎಲೆ ನಂಬಿದರೆ ಮೋಸ ಹೋಗುತ್ತೀರಿ. ಎರಡರದ್ದೂ ಉದ್ದನೆಯದು, ಸ್ವಲ್ಪ ಪೇರಲೆ ಎಲೆ ಹಾಗೆ. ತೊಟ್ಟಿನ ಹತ್ತಿರ ಎಲೆಯ ಅಡಿಯಲ್ಲಿ ಎರಡು ಸಣ್ಣ ಗಂಟು ಇರುತ್ತವೆ, ಅವೂ ಎರಡರಲ್ಲೂ ಇವೆ. ಇದು ಇದೇ ಕುಲದ ಮರ ಅಂತಷ್ಟೇ ಅದರಿಂದ ಗೊತ್ತಾಗುವುದು. ಚಿಗುರು ಬಿಡುವಾಗ ಮತ್ತಿಯ ಮೊಗ್ಗಿನ ಮೇಲೆ ತುಕ್ಕಿನ ಬಣ್ಣದ ನವಿರು ಕೂದಲು ಕಾಣಬಹುದು.

ಕಾಯಿ ಮಾತ್ರ ಸುಳ್ಳು ಹೇಳುವುದಿಲ್ಲ. ಎರಡಕ್ಕೂ ಐದು ರೆಕ್ಕೆ, ಅಲ್ಲೇ ಜನ ಎಡವುವುದು. ಮತ್ತಿಯ ರೆಕ್ಕೆ ಅಗಲ, ತೆಳು, ಅದರ ಮೇಲಿನ ಗೆರೆಗಳು ನೇರವಾಗಿ ಅಂಚಿಗೆ ಹೋಗುತ್ತವೆ. ಹೊಳೆಮತ್ತಿಯದು ಕಿರಿದು, ಗಟ್ಟಿ, ಗೆರೆಗಳು ಮೇಲಕ್ಕೆ ಬಾಗುತ್ತವೆ, ಒಣಗಿದ ಪುಟ್ಟ ಕಮರಾಕ್ಷಿ ಅಂದುಕೊಳ್ಳಿ. ಇನ್ನೊಬ್ಬ ದಾಯಾದಿ ತಾರೆ ಮರದ ಕಾಯಿಗೆ ರೆಕ್ಕೆಯೇ ಇಲ್ಲ, ಮಖಮಲ್ಲಿನಂಥ ಗುಂಡು ಕಾಯಿ. ಅದನ್ನು ಕಲ್ಲಿನಲ್ಲಿ ಜಜ್ಜಿ ಒಳಗಿನ ಬೀಜ ತಿಂದು, ಜಾಸ್ತಿ ತಿಂದರೆ ತಲೆ ತಿರುಗುತ್ತದೆ ಅಂತ ಅಜ್ಜಿಯಿಂದ ಬೈಸಿಕೊಂಡದ್ದು ನೆನಪಾಗುತ್ತದೆ.

ಬೇಸಿಗೆಯಲ್ಲಿ ಕೆಲವು ಮತ್ತಿ ಮರಗಳು ಕಾಂಡದ ಉಬ್ಬಿನಲ್ಲಿ ನೀರು ಹಿಡಿದಿಟ್ಟುಕೊಳ್ಳುತ್ತವೆ ಅಂತ ಬರೆದಿದ್ದೀರಿ. ಅದು ನಿಜ. 2024ರಲ್ಲಿ ಆಂಧ್ರದ ಪಾಪಿಕೊಂಡ ಕಾಡಿನಲ್ಲಿ ಅರಣ್ಯ ಇಲಾಖೆಯವರು ಇಂಥ ಒಂದು ಮರಕ್ಕೆ ಕತ್ತಿ ಹಾಕಿದಾಗ ನೀರು ಚಿಮ್ಮಿದ್ದು ಸುದ್ದಿಯಾಗಿತ್ತು. ಆದರೆ ‘ಪರೀಕ್ಷಿಸಿ ನೋಡಬಹುದು’ ಅಂತ ಯಾಕೆ ಸೇರಿಸಿದಿರಿ ಮಾರಾಯ್ರೆ? ಓದಿದವರು ಸುಮ್ನೆ ಇರುತ್ತಾರಾ, ಕತ್ತಿ ಹಿಡಿದು ಹೊರಡುತ್ತಾರೆ.

ಸರಿಯಾದ ಫೋಟೋ ಬೇಕಾದರೆ ದೂರ ಹೋಗಬೇಕಿಲ್ಲ. ಮೊಲೆಂ ದಾಟಿ ಅನಮೋಡ ಘಾಟ್ ಹತ್ತುವಾಗ ಕರಿ ಕಾಂಡದ ಮರಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ. ದಯವಿಟ್ಟು ಬೇಗ ಹಾಕಿ. ನನ್ನ ಮೊಮ್ಮಗಳು ನಿಮ್ಮ ಅರ್ಜುನನನ್ನೇ ಕತ್ತರಿಸಿ ಶಾಲೆಯ ಪ್ರಾಜೆಕ್ಟಿಗೆ ಅಂಟಿಸಿಬಿಟ್ಟಿದ್ದಾಳೆ, ‘ಪೇಪರಿನಲ್ಲೇ ಬಂದಿದೆಯಲ್ಲ ಅಜ್ಜಾ’ ಅಂತ ನನ್ನ ಮಾತೇ ಕೇಳುತ್ತಿಲ್ಲ. ಸೋಮವಾರ ಅದನ್ನು ಟೀಚರಿಗೆ ಕೊಡಬೇಕಂತೆ.

ಒಬ್ಬ ಓದುಗ,
ಪೊಂಡಾ, ಗೋವಾ