ಹೆಸರು ಬರೆಸಲು ಜಾಗವಿಲ್ಲದ ಸಾಮಾನಿಗೆ ದೇಣಿಗೆ ಕೊಡಿ

ಮಾನ್ಯ ದಾನಿಗಳೇ, ಹಳೆಯ ವಿದ್ಯಾರ್ಥಿಗಳೇ,

ನಮ್ಮ ಕಡೆ ಶಾಲೆಗೆ ಫ್ಯಾನು ಕೊಟ್ಟವರು ರೆಕ್ಕೆಯ ಮೇಲೆ ಹೆಸರು ಬರೆಸುತ್ತಾರೆ. ಫ್ಯಾನು ತಿರುಗುವಾಗ ಅದನ್ನು ಓದಲಿಕ್ಕಾಗುವುದಿಲ್ಲ, ಕರೆಂಟು ಹೋದಾಗ ಸಾವಕಾಶ ಓದಬಹುದು. ತಪ್ಪೇನಿಲ್ಲ, ಕೊಟ್ಟವರ ಹೆಸರು ಇರಲಿ. ಆದರೆ ಈ ಸಲ ನಮ್ಮ ಟ್ರಸ್ಟ್ ಕೇಳುತ್ತಿರುವುದು ಹೆಸರು ಬರೆಸಲು ಜಾಗವೇ ಇಲ್ಲದ ಸಾಮಾನುಗಳಿಗೆ: ಸೋರಿದ ಕರೆಂಟನ್ನು ನೆಲಕ್ಕಿಳಿಸಲು ಹೂಳುವ ಅರ್ಥಿಂಗ್ ಪೈಪು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಉಗುರಿನಷ್ಟಗಲದ ಮೆಮೊರಿ ಕಾರ್ಡು, ಜೊತೆಗೆ ಶಿಕ್ಷಕರು ತಿಂಗಳಿಗೊಮ್ಮೆ ಕೂಡುವ ಎರಡು ತಾಸು.

ನವಲಗುಂದ, ಕಲಘಟಗಿ, ರೋಣ, ಶಿರಹಟ್ಟಿ, ಹಾನಗಲ್ಲ ತಾಲ್ಲೂಕುಗಳಲ್ಲಿ ತಲಾ ಎರಡರಂತೆ ಹತ್ತು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಟಿವಿಯಲ್ಲಿ ಪಾಠ ತೋರಿಸುವ ಕೋಣೆ ಸಜ್ಜುಗೊಳಿಸಿ, ಅದು ಮೂರು ವರ್ಷ ನಿಲ್ಲದಂತೆ ನೋಡಿಕೊಳ್ಳುವುದು ಈ ಕೆಲಸ. ಒಂದು ಶಾಲೆಗೆ ಮೂರು ವರ್ಷದ ಅಂದಾಜು 1,20,000 ರೂಪಾಯಿ. ಹತ್ತಕ್ಕೆ 12 ಲಕ್ಷ.

ಟಿವಿ, ಪ್ರೊಜೆಕ್ಟರ್ ಕೊಡಿಸುವ ದಾನಿಗಳಿಗೆ ಬರವಿಲ್ಲ. ಕೊಟ್ಟ ಯಂತ್ರ ಎರಡನೇ ವರ್ಷಕ್ಕೆ ಕಪಾಟು ಸೇರುವುದೇ ಹೆಚ್ಚು. ಯಾಕೆ ಎಂದು ಕೇಳುತ್ತ ಹೋದರೆ ಮೊದಲು ಸಿಗುವುದು ಗೋಡೆಯ ಪ್ಲಗ್ಗು. ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಮೂರನೆಯದರ ಹಿಂದೆ ಅರ್ಥಿಂಗ್ ತಂತಿ ಇರುವುದಿಲ್ಲ. ಯಂತ್ರದ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಒಮ್ಮೆ ಜುಮ್ಮೆಂದರೆ ಸಾಕು, ಆ ಪೆಟ್ಟಿಗೆಯ ಹತ್ತಿರ ಆಮೇಲೆ ಯಾರೂ ಸುಳಿಯುವುದಿಲ್ಲ. ಸುಳಿಯಲೂಬಾರದು.

ಅರ್ಥಿಂಗ್ ಇದ್ದ ಕಡೆಯೂ ಎರೆ ಸೀಮೆಯ ಕಪ್ಪು ಮಣ್ಣಿನಲ್ಲಿ ಬೇರೆ ತೊಡಕು. ಮಳೆಗಾಲದಲ್ಲಿ ಎರೆಮಣ್ಣು ನೀರು ಕುಡಿದು ಪೈಪಿಗೆ ಅಂಟಿಕೊಂಡಿರುತ್ತದೆ, ಮೀಟರಿನಲ್ಲಿ ಅಳತೆ ಚೆನ್ನಾಗಿಯೇ ಬರುತ್ತದೆ. ಏಪ್ರಿಲ್ ಹೊತ್ತಿಗೆ ಮಣ್ಣು ಕುಗ್ಗಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಆದ್ದರಿಂದ ನಾವು ಅಳತೆ ಮಾಡಿಸುವುದು ಬೇಸಿಗೆಯಲ್ಲೇ. ಎಂಟು-ಹತ್ತು ಅಡಿ ಆಳದ ಜಿಐ ಪೈಪು, ಸುತ್ತ ಇದ್ದಿಲು-ಉಪ್ಪಿನ ಪದರ, ಮೇಲೆ ನೀರು ಹಾಕಲು ಕೊಳವೆ, ಮುಚ್ಚಳವಿರುವ ಸಿಮೆಂಟಿನ ಚೌಕಟ್ಟು. ಬೇಸಿಗೆಯ ಅಳತೆ, ಅಂದರೆ ಕರೆಂಟು ನೆಲಕ್ಕಿಳಿಯಲು ಇರುವ ತಡೆ, 5 ಓಮ್ ಒಳಗೆ ಬರಬೇಕು. ಬರದಿದ್ದರೆ ಎರಡನೆಯ ಪೈಪು ಹೂಳಿ ಜೋಡಿಸಬೇಕು. ಇದಕ್ಕೆ 7,000. ತರಗತಿಗೆ ಪ್ರತ್ಯೇಕ ವೈರಿಂಗ್, ಹೊರೆ ಹೆಚ್ಚಾದರೆ ಲೈನು ಕಡಿಯುವ ಎಂಸಿಬಿ, 30 ಮಿಲಿಆಂಪ್‌ನ ಆರ್‌ಸಿಸಿಬಿ ಸೇರಿ 6,000. ಮಗುವಿನ ಕೈಯಿಂದ ಕರೆಂಟು ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುವುದು ಈ ಆರ್‌ಸಿಸಿಬಿಯೇ. ಬೆಲೆ ಹೆಚ್ಚೆಂದು ಇದನ್ನು ಬಿಡುವ ಮಾತೇ ಇಲ್ಲ.

ಇನ್ನು ಇನ್ವರ್ಟರ್. 43 ಇಂಚಿನ ಟಿವಿಗೆ ಸುಮಾರು 80 ವ್ಯಾಟ್, ಸ್ಪೀಕರ್ ಮತ್ತು ಪಾಠಗಳನ್ನು ತುಂಬಿಟ್ಟ ಪುಟ್ಟ ಸರ್ವರಿಗೆ 20, ಒಟ್ಟು 100. 12 ವೋಲ್ಟಿನ 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್ ಇರುತ್ತದೆ. ಪೂರ್ತಿ ಹಿಂಡಿದರೆ ಪ್ಲೇಟುಗಳು ಬೇಗ ಸಾಯುತ್ತವೆ, ಅದಕ್ಕೇ ಅರ್ಧ ಮಾತ್ರ ಬಳಸಬೇಕು. ಇನ್ವರ್ಟರಿನ ನಷ್ಟ ಕಳೆದರೆ ಏಳು ತಾಸು ದಕ್ಕುತ್ತದೆ, ಶಾಲೆಯ ದಿನಕ್ಕೆ ಸಾಕು. ಈ ಲೆಕ್ಕ ಕೆಡುವುದು ಆಫೀಸಿನ ಲೇಸರ್ ಪ್ರಿಂಟರನ್ನು ಅದೇ ಲೈನಿಗೆ ಚುಚ್ಚಿದಾಗ. ಪ್ರಿಂಟರ್ ಬಿಸಿಯಾಗುವ ಕ್ಷಣಕ್ಕೆ ನೂರಾರು ವ್ಯಾಟ್ ಎಳೆಯುತ್ತದೆ, ಇನ್ವರ್ಟರ್ ಕೂಗಿ ಬಂದ್ ಆಗುತ್ತದೆ. ಹಾಗಾಗಿ ಆಫೀಸಿನ ಕಡೆ ಈ ಲೈನು ಒಯ್ಯುವುದೇ ಇಲ್ಲ. ಬ್ಯಾಟರಿ ಸೇರಿ 24,000.

ಟಿವಿಯೋ ಪ್ರೊಜೆಕ್ಟರೋ ಎಂದು ಕೇಳುವವರಿಗೆ ಒಂದು ಮಾತು. ಅಕ್ಷರ ಓದಬೇಕಾದರೆ ಕೊನೆಯ ಮಗು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು. 43 ಇಂಚಿನ ಟಿವಿಯ ಎತ್ತರ ಅರ್ಧ ಮೀಟರಿಗೆ ತುಸು ಹೆಚ್ಚು. ಅಂದರೆ ಮೂರು ಮೀಟರ್ ಚಿಲ್ಲರೆ, ಹತ್ತು ಅಡಿಯ ಆಸುಪಾಸು. ಇಪ್ಪತ್ತು ಅಡಿ ಕೋಣೆಯ ಹಿಂದಿನ ಬೆಂಚಿಗೆ ಅದು ಬರೀ ಬಣ್ಣದ ಚೌಕ. ಪ್ರೊಜೆಕ್ಟರಿನ ಚಿತ್ರ ದೊಡ್ಡದು ನಿಜ, ಆದರೆ ಕಿಟಕಿ ಮುಚ್ಚಬೇಕು, ಎರೆದೂಳು ಫಿಲ್ಟರಿಗೆ ಮೆತ್ತುತ್ತದೆ. ಉರಿಯುತ್ತಿರುವಾಗ ಕರೆಂಟು ಹೋದರೆ ಒಳಗಿನ ಫ್ಯಾನು ನಿಂತು ಬಿಸಿ ಲ್ಯಾಂಪಿನ ಆಯುಷ್ಯ ಕುಗ್ಗುತ್ತದೆ. ನಾವು ಟಿವಿಯನ್ನೇ ಆರಿಸಿ (25,000), ಬೆಂಚು ಸರಿಸಿ ಮಕ್ಕಳನ್ನು ಜಮಖಾನದ ಮೇಲೆ ಅರ್ಧ ವೃತ್ತದಲ್ಲಿ ಕೂರಿಸುತ್ತೇವೆ. ನಲಿ-ಕಲಿ ಕೋಣೆಗಳಿಗೆ ಇದೇನು ಹೊಸದಲ್ಲ.

ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ 2017ರಲ್ಲಿ ಶುರುವಾದ ದೀಕ್ಷಾ ಎಂಬ ಸರ್ಕಾರಿ ಪಾಠಗಳ ಜಾಲತಾಣ ತೆರೆದುಕೊಳ್ಳುತ್ತದೆ. ಆದರೆ ನೆಟ್‌ವರ್ಕ್ ಬೇಕಲ್ಲ. ಕಲಘಟಗಿಯ ಕಾಡಂಚಿನ ಊರುಗಳಲ್ಲಿ ಪಾಠದ ನಡುವೆ ಚಕ್ರ ತಿರುಗುತ್ತ ಕೂತರೆ ನಲವತ್ತು ನಿಮಿಷದ ಅವಧಿ ಅಲ್ಲಿಗೇ ಮುಗಿಯಿತು. ಅದಕ್ಕಾಗಿ ಸರ್ವರ್ ಆಗಿ ಕೆಲಸ ಮಾಡುವ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿ ಕೊಲಿಬ್ರಿ ಎಂಬ ಉಚಿತ ತಂತ್ರಾಂಶ, ಪರದೆಯ ಮೇಲೆ ಪ್ರಯೋಗ ಮಾಡಿ ನೋಡುವ ಫೆಟ್ ವಿಜ್ಞಾನ ಮಾದರಿಗಳ ಕನ್ನಡ ಆವೃತ್ತಿ, ಕನ್ನಡ ವಿಕಿಪೀಡಿಯ ತುಂಬಿಡುತ್ತೇವೆ. ಇಂಟರ್ನೆಟ್ ಇಲ್ಲದೆಯೇ ಕೋಣೆಯೊಳಗಿನ ವೈಫೈನಲ್ಲಿ ಎಲ್ಲವೂ ಸಿಗುತ್ತದೆ. ರೂಟರ್ ಸಹಿತ 11,000. ಇದರ ಮೆಮೊರಿ ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಸ್ವಿಚ್ ತೆಗೆದರೆ ಕಡತಗಳು ಕೆಡುತ್ತವೆ. ಮರುದಿನ ಕೆಂಪು ದೀಪ ಮಾತ್ರ ಉರಿಯುತ್ತದೆ, ಸರ್ವರ್ ಏಳುವುದಿಲ್ಲ. ಮದ್ದು ಸರಳ: ಅದೇ ಕಾರ್ಡಿನ ಪಡಿಯಚ್ಚು ಇನ್ನೊಂದು, ಲಕೋಟೆಯಲ್ಲಿ ಹಾಕಿ ಮುಖ್ಯ ಗುರುಗಳ ಕಪಾಟಿನಲ್ಲಿ. ಬದಲಿಸಲು ಎರಡು ನಿಮಿಷ. ಆರನೇ ತರಗತಿಯ ಮಗುವೂ ಮಾಡುತ್ತದೆ.

ಇಷ್ಟೆಲ್ಲ ಕೂಡಿಸಿದ ಮೇಲೂ ಪಾಠ ತಾನಾಗಿ ಸುಧಾರಿಸದು. ವಿದ್ಯುತ್ ಪಾಠವನ್ನೇ ತೆಗೆದುಕೊಳ್ಳಿ. ಎರಡು ಬಲ್ಬು ಸರಣಿಯಲ್ಲಿ ಜೋಡಿಸಿದರೆ ಬ್ಯಾಟರಿಗೆ ಹತ್ತಿರದ್ದು ಹೆಚ್ಚು ಬೆಳಗುತ್ತದೆ ಎಂದು ಬಹಳಷ್ಟು ಮಕ್ಕಳು ನಂಬಿರುತ್ತಾರೆ, ಮೊದಲ ಬಲ್ಬು ಕರೆಂಟನ್ನು ‘ತಿಂದುಬಿಡುತ್ತದೆ’ ಎಂಬ ಲೆಕ್ಕ ಅವರದು. ಫೆಟ್ ಮಾದರಿಯಲ್ಲಿ ನೀಲಿ ಗುಂಡುಗಳು ತಂತಿಯುದ್ದಕ್ಕೂ ಒಂದೇ ವೇಗದಲ್ಲಿ ಹರಿಯುವುದು ಕಾಣುತ್ತದೆ. ಆದರೆ ಅದನ್ನೇ ಮೊದಲು ತೋರಿಸಿದರೆ ಮಕ್ಕಳು ಗುಂಡು ನೋಡಿ ಖುಷಿಪಟ್ಟು ಎದ್ದು ಹೋಗುತ್ತಾರೆ, ನಂಬಿಕೆ ಇದ್ದಲ್ಲೇ ಇರುತ್ತದೆ. ಮೊದಲು ಪ್ರಶ್ನೆ ಕೇಳಿ ಕೈ ಎತ್ತಿಸಬೇಕು. ಎಣಿಕೆಯನ್ನು ಹಲಗೆಯ ಮೇಲೆ ಬರೆಯಬೇಕು. ಆಮೇಲೆ ನಿಜವಾದ ಸೆಲ್ಲು, ಒಂದೇ ಬಗೆಯ ಎರಡು ಟಾರ್ಚ್ ಬಲ್ಬು, ಎರಡೂ ಸಮನಾಗಿ ಬೆಳಗುವುದು ಕಣ್ಣಿಗೇ ಕಾಣುತ್ತದೆ. ಪರದೆ ಕೊನೆಗೆ. ಈ ಹಿಂದುಮುಂದು ಯಂತ್ರಕ್ಕೆ ಗೊತ್ತಿಲ್ಲ, ಅದು ಗೊತ್ತಾಗುವುದು ಶಿಕ್ಷಕರು ಒಬ್ಬರ ಪಾಠ ಇನ್ನೊಬ್ಬರು ನೋಡಿದಾಗ.

ಮುಂಬಯಿ ಪ್ರಾಂತದ ಕಾಲದಿಂದ ಕನ್ನಡ ಮಾಸ್ತರರು ತರಬೇತಿಗೆಂದು ಧಾರವಾಡಕ್ಕೆ ಬಂದವರೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಯ ವೃತ್ತಿ ಕಲಿಕೆ ಇರಲಿ ಎನ್ನುತ್ತದೆ. ಆನ್‌ಲೈನ್ ಕೋರ್ಸಿನ ವಿಡಿಯೊವನ್ನು ಮೂಲೆಯಲ್ಲಿ ಓಡಲು ಬಿಟ್ಟು ಪ್ರಮಾಣಪತ್ರ ಇಳಿಸಿಕೊಂಡರೂ ಗಂಟೆ ತುಂಬುತ್ತದೆ. ನಮ್ಮ ದಾರಿ ಬೇರೆ. ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಐದಾರು ಶಿಕ್ಷಕರು ಒಂದೇ ಪಾಠ ಕೂಡಿ ಯೋಜಿಸುತ್ತಾರೆ. ಒಬ್ಬರು ಕಲಿಸುವಾಗ ಹಿಂದಿನಿಂದ ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರೀಕರಣ. ಮಕ್ಕಳ ಮುಖ ಬರಬಾರದು, ಶಿಕ್ಷಕರ ಒಪ್ಪಿಗೆ ಬೇಕು. ಕಾಲರ್ ಮೈಕು ಇಲ್ಲದಿದ್ದರೆ ಫ್ಯಾನಿನ ಸದ್ದೇ ಕೇಳುತ್ತದೆ. ಫುಲ್ ಎಚ್‌ಡಿಯಲ್ಲಿ ಹತ್ತು ನಿಮಿಷ ಒಂದು ಜಿಬಿ ದಾಟುವುದರಿಂದ ವಾಟ್ಸ್ಆ್ಯಪ್ ಬೇಡ, ಪೆನ್‌ಡ್ರೈವ್ ಸಾಕು. ಕೂಡಿ ನೋಡುವಾಗ ಒಂದೇ ಪ್ರಶ್ನೆ: ಮಕ್ಕಳು ಯಾವಾಗ ಮಾತಾಡಿದರು? ‘ಮೇಡಂ ಚಲೋ ಕಲಿಸಿದ್ರಿ’ ಎಂಬ ಮಾತಿಗೆ ಅಲ್ಲಿ ಅವಕಾಶವಿಲ್ಲ. ನೋಡಿ ಮುಗಿದ ಮೇಲೆ ವಿಡಿಯೊ ಅಳಿಸಿಬಿಡುತ್ತೇವೆ. ಮೇಲಧಿಕಾರಿಗಳ ಕೈಗೆ ಹೋಗುತ್ತದೆಂಬ ಭಯವಿದ್ದರೆ ಯಾರೂ ನಿಜವಾದ ಪಾಠ ತೋರಿಸುವುದಿಲ್ಲ.

ಅದೇ ಕೂಟದಲ್ಲಿ ಸಣ್ಣಪುಟ್ಟ ಕೈಕೆಲಸವೂ ಆಗುತ್ತದೆ. ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದು ಎಲ್ಲರಿಗೂ ಗೊತ್ತು. ಅದನ್ನು ಎಲ್ಲ ಯಂತ್ರಗಳಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುವುದು ಅರ್ಧ ತಾಸಿನ ಪಾಠ.

ಸ್ಪೀಕರಿಗೆ 3,000, ಮೈಕು-ಟ್ರೈಪಾಡಿಗೆ 2,000 ಸೇರಿಸಿದರೆ ಸಾಮಾನಿನ ಖರ್ಚು 78,000. ಉಳಿದ 42,000 ಮೂರು ವರ್ಷಕ್ಕೆ: ಮುಂದಿನ ಬ್ಯಾಟರಿಗೆಂದು ಕೂಡಿಡುವ 15,000, ತಲಾ 500ರಂತೆ ಮೂವತ್ತು ಸಭೆಗಳ ಬಸ್ ಚಾರ್ಜು-ಚಹಾಕ್ಕೆ 15,000, ಕಾರ್ಡು-ಅಡಾಪ್ಟರು-ಕೇಬಲ್ಲಿಗೆ 6,000, ವರ್ಷಕ್ಕೆರಡು ಬಾರಿ ಎಲೆಕ್ಟ್ರಿಷಿಯನ್ ಬಂದು ನೋಡಲು 6,000. ‘ಚಹಾಕ್ಕೆ ನಾವ್ಯಾಕೆ ಕೊಡಬೇಕು’ ಎಂದು ಕೇಳುವವರಿದ್ದಾರೆ. ದಯವಿಟ್ಟು ಅದಕ್ಕೇ ಕೊಡಿ, ಟಿವಿಗೆ ಕೊಡುವವರು ಹೇಗೂ ಸಿಗುತ್ತಾರೆ.

500 ರೂಪಾಯಿಗೆ ಒಂದು ಸಭೆ, 7,000ಕ್ಕೆ ಒಂದು ಶಾಲೆಯ ಅರ್ಥಿಂಗ್. ಚೆಕ್ ಅಥವಾ ಯುಪಿಐ ಮೂಲಕ ಕೊಟ್ಟರೆ ಒಳ್ಳೆಯದು. ನಗದು 2,000 ಮೀರಿದರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ, ವಸ್ತುರೂಪದ ದಾನಕ್ಕೂ ಇಲ್ಲ. ಎಲ್ಲದಕ್ಕೂ ರಸೀದಿ ಕೊಡುತ್ತೇವೆ, ಬಿಲ್ಲುಗಳನ್ನು ಆಯಾ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮುಂದೆ ಇಡುತ್ತೇವೆ. ಹಳೆಯ ಲ್ಯಾಪ್‌ಟಾಪ್ ಕೊಡುವವರು 4 ಜಿಬಿ ರ‍್ಯಾಮ್ ಇದ್ದರೆ ಮಾತ್ರ ಕೊಡಿ, ಚಾರ್ಜರ್ ಜೊತೆಗಿರಲಿ, ನಿಮ್ಮ ಕಡತಗಳನ್ನು ಮೊದಲೇ ಅಳಿಸಿರಿ. ಬ್ಯಾಟರಿ ಉಬ್ಬಿದ ಮೊಬೈಲು, ಟ್ಯಾಬು ಖಂಡಿತ ಬೇಡ, ಬೆಂಕಿಯ ಅಪಾಯ.

ಬೇಸಿಗೆ ರಜೆ ಬಿದ್ದ ಕೂಡಲೇ ತಗ್ಗು ತೋಡುವ ಕೆಲಸ ಶುರುವಾಗುತ್ತದೆ, ಅರ್ಥಿಂಗಿನ ಹಣ ಅದಕ್ಕೂ ಮುಂಚೆ ಕೈಸೇರಬೇಕು. ಹುಬ್ಬಳ್ಳಿ, ಗದಗ, ಹಾವೇರಿಯ ಎಲೆಕ್ಟ್ರಿಷಿಯನ್ನರಲ್ಲಿ ಅರ್ಥ್ ಟೆಸ್ಟರ್ ಇದ್ದವರು ಹಣದ ಬದಲು ಒಂದು ದಿನ ಕೊಟ್ಟರೂ ನಡೆದೀತು, ಬರುವಾಗ ಮೀಟರು ಮರೆಯಬೇಡಿ.

ತಮ್ಮ ವಿಶ್ವಾಸಿಗಳು,
ಟ್ರಸ್ಟಿನ ಸದಸ್ಯರು, ಧಾರವಾಡ