ಟಿಕೆಟ್ ಯಾಕ್ ಕೊಟ್ರಿ ಅಂತ ಕಾರ್ಯಕರ್ತರಿಗಾದ್ರೂ ಹೇಳಿ

ಸಂಪಾದಕರೇ,

ಚುನಾವಣೆ ಹತ್ರ ಬಂದಾಗೆಲ್ಲ ನಮ್ಮ ಕುಮಟಾ, ಕಾರವಾರ ಕಡೆ ಒಂದೇ ಮಾತು, ಟಿಕೆಟ್ ಯಾರಿಗೆ ಅಂತ, ಹೆಸರು ಅನೌನ್ಸ್ ಆದ ಮಾರನೇ ದಿನ ಅನ್ಯಾಯ ಆಯ್ತು ಅಂತ ಬೆಂಬಲಿಗರ ಸಭೆ, ಪ್ರೆಸ್‌ಮೀಟು, ರಾಜೀನಾಮೆ. 2024ರ ಲೋಕಸಭೆಗೆ ನಮ್ಮ ಉತ್ತರ ಕನ್ನಡ ಕ್ಷೇತ್ರದಲ್ಲಿ ಬಿಜೆಪಿ ಆರು ಸಲ ಗೆದ್ದಿದ್ದ ಅನಂತಕುಮಾರ ಹೆಗಡೆಯವ್ರನ್ನ ಬಿಟ್ಟು ವಿಶ್ವೇಶ್ವರ ಹೆಗಡೆ ಕಾಗೇರಿಯವ್ರಿಗೆ ಕೊಡ್ತು, ಕಾಂಗ್ರೆಸ್ ಖಾನಾಪುರದ ಮಾಜಿ ಶಾಸಕಿ ಅಂಜಲಿ ನಿಂಬಾಳ್ಕರ್ ಅವ್ರನ್ನ ನಿಲ್ಲಿಸ್ತು. ಎರಡೂ ಸರಿನೇ ಇರ್ಬಹುದು, ನನ್ನ ತಕರಾರು ಅದಲ್ಲ (ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರು ನಮ್ಮ ಕ್ಷೇತ್ರದೊಳಗೇ ಬರ್ತದೆ, ಹೊರಗಿನವ್ರು ಅನ್ನೋರು ಇದನ್ನ ಮರೀಬಾರ್ದು). ಆದ್ರೆ ಯಾವ ಲೆಕ್ಕದಲ್ಲಿ ಆರಿಸಿದ್ರು ಅಂತ ಬೂತಲ್ಲಿ ದುಡಿಯೋ ಹುಡುಗ್ರಿಗೆ ಯಾರೂ ಹೇಳೋದಿಲ್ಲ, ಸರ್ವೆ ಮಾಡ್ಸಿದ್ವಿ ಅಂತಾರೆ, ಆ ಸರ್ವೆ ನಾವು ಯಾರೂ ಕಣ್ಣಲ್ಲಿ ಕಂಡಿಲ್ಲ ಮಾರಾಯ್ರೆ. ಡೆಲ್ಲಿಯಿಂದ ಲಿಸ್ಟ್ ಬರ್ತದೆ, ಇವ್ರೇ ನಮ್ಮ ಅಭ್ಯರ್ಥಿ ಅಂತ ಪಕ್ಷ ಕೊಡೋ ಬಿ ಫಾರ್ಮ್ ಬರ್ತದೆ, ಮುಗೀತು.

ಕಾನೂನಲ್ಲೂ ದಾರಿ ಇಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ ಸೆಕ್ಷನ್ 29ಎ ಪಕ್ಷದ ನೋಂದಣಿಗೆ ಮಾತ್ರ, ಅಭ್ಯರ್ಥಿನ ಹಿಂಗೇ ಆರಿಸಿ ಅಂತ ಅದು ಹೇಳೋದಿಲ್ಲ. ಕ್ರಿಮಿನಲ್ ಕೇಸ್ ಇರೋರಿಗೆ ಟಿಕೆಟ್ ಕೊಟ್ರೆ ಕಾರಣ ಪ್ರಕಟಿಸ್ಬೇಕು, ಗೆಲ್ತಾರೆ ಅನ್ನೋದೊಂದೇ ಕಾರಣ ಸಾಲೋದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ, ಅದನ್ನೇ ಎಲ್ಲಾ ಅಭ್ಯರ್ಥಿಗಳಿಗೂ ಮಾಡ್ಲಿ, ಅರ್ಜಿ ಹಾಕಿದವ್ರ ಪಟ್ಟಿನೂ ವೆಬ್‌ಸೈಟಿಗೆ ಹಾಕ್ಲಿ. 2023ರ ವಿಧಾನಸಭೆಗೆ ಕಾಂಗ್ರೆಸ್ ಅರ್ಜಿ ಜತೆ ಜನರಲ್‌ನವ್ರಿಂದ 2 ಲಕ್ಷ ರೂಪಾಯಿ ಡಿಡಿ ತಗೊಂಡಿತ್ತು, ಯಾವ ಪಕ್ಷನೇ ಆಗ್ಲಿ, ಅಷ್ಟು ದುಡ್ಡು ಕಟ್ಟಿದ ಮನುಷ್ಯಂಗೆ ಟಿಕೆಟ್ ಯಾಕಿಲ್ಲ ಅಂತ ಒಂದು ಸಾಲಿನ ಕಾಗದ ಬರಿಯೋಕೆ ಏನು ಕಷ್ಟ?

– ಓದುಗ, ಕುಮಟಾ